ಕುಪ್ಪಳಯ್ಯನ ಎಡಗಣ್ಣು

ಕಾರ್ಖಾನೆಯಲ್ಲಿ ಆಕೆಯನ್ನು ಎಲ್ಲರೂ ಕಣ್ಣಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಆಕೆ ಮಾಡಿದ್ದು ಒಂದೇ ಕೆಲಸ, ತಗಡಿನ ಕಪ್ಪೆಗಳಿಗೆ ಕಣ್ಣು ಬರೆಯುವುದು. ಕೀಲಿ ಕೊಟ್ಟರೆ ಟಕಟಕ ಎಂದು ಹಾರುವ ಹಸಿರು ಕಪ್ಪೆ ಅದು. ಮಕ್ಕಳ ಬಾಯಲ್ಲಿ ಅದರ ಹೆಸರು ಕುಪ್ಪಳಯ್ಯ. ಮೊದಲು ಆಟಿಕೆ ಬಂತು, ಅದು ಬಿಸಿ ದೋಸೆಯ ಹಾಗೆ ಖರ್ಚಾದದ್ದು ಕಂಡು ಟೀವಿಯವರು ಕಾರ್ಟೂನ್ ಮಾಡಿದರು. ಕಾರ್ಟೂನ್ ನೋಡಿದ ಮಕ್ಕಳು ಮತ್ತೆ ಆಟಿಕೆಗೆ ಹಟ ಹಿಡಿದರು. ಅವರ ಹಟದ ಭಾರವೆಲ್ಲ ಕಣ್ಣಕ್ಕನ ಮಣಿಕಟ್ಟಿನ ಮೇಲೆ ಬಿತ್ತು.

ಬೆಳಿಗ್ಗೆ ಗಂಟೆ ಹೊಡೆದಾಗ ಕೂತರೆ ಸಂಜೆ ಗಂಟೆ ಹೊಡೆದಾಗ ಏಳುವುದು. ಒಂದು ಬಿಳಿ ಬೊಟ್ಟು, ಅದರೊಳಗೊಂದು ಕಪ್ಪು ಬೊಟ್ಟು. ಮತ್ತೊಂದು ಬಿಳಿ, ಮತ್ತೊಂದು ಕಪ್ಪು. ಮನೆಗೆ ಬಂದವಳು ಒದ್ದೆ ಬಟ್ಟೆಯನ್ನು ಕಣ್ಣಿನ ಮೇಲೆ ಹಾಕಿಕೊಂಡು ಅಡ್ಡಾಗುತ್ತಿದ್ದಳು. ಮಗಳು ಶಾಲೆಯ ಪಾಠ ಹಿಡಿದುಕೊಂಡು ಪಕ್ಕದ ಮನೆಯ ಟೀಚರಮ್ಮನ ಹತ್ತಿರ ಹೋಗುತ್ತಿದ್ದಳು. ಮನೆಯಲ್ಲಿ ಒಂದೇ ಒಂದು ಕುಪ್ಪಳಯ್ಯ ಇರಲಿಲ್ಲ. ಕೆಟ್ಟು ಹೋದ ಕಪ್ಪೆಯನ್ನೂ ಹೊರಗೆ ಬಿಡದೆ ಗೇಟಿನಲ್ಲಿ ಚೀಲ ತಡಕುತ್ತಿದ್ದರು.

ಕಾರ್ಖಾನೆ ಮುಚ್ಚಿ ಹದಿನೈದು ವರ್ಷವಾಗಿತ್ತು. ಕಣ್ಣಕ್ಕನ ಕಣ್ಣಿಗೆ ಪೊರೆ ಬಂದು, ಆಪರೇಷನ್ ಆಗಿ, ಈಗ ದೂರದ್ದು ಚೆನ್ನಾಗಿಯೇ ಕಾಣುತ್ತಿತ್ತು. ಹತ್ತಿರದ್ದಕ್ಕೆ ಮಾತ್ರ ಕನ್ನಡಕ ಬೇಕು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದ ಮಗಳ ಜೊತೆಗೇ ಇದ್ದಳು. ಒಂದು ಬೆಳಿಗ್ಗೆ ಸಿನಿಮಾದ ಹುಡುಗಿಯೊಬ್ಬಳು ಮನೆ ಹುಡುಕಿಕೊಂಡು ಬಂದಳು. ಕುಪ್ಪಳಯ್ಯನನ್ನು ಭಾರೀ ಖರ್ಚಿನಲ್ಲಿ ಸಿನಿಮಾ ಮಾಡುತ್ತಿದ್ದಾರಂತೆ, ಅವಳು ಅದರ ಚಿತ್ರಗಾರ್ತಿಯಂತೆ.

"ಟ್ರೇಲರ್ ಬಿಟ್ವಿ ಅಜ್ಜಿ. ಜನ ಬಾಯಿಗೆ ಬಂದ ಹಾಗೆ ಬೈದ್ರು. ಇದು ನಮ್ಮ ಕುಪ್ಪಳಯ್ಯ ಅಲ್ಲ, ಕಣ್ಣು ಸರಿಯಿಲ್ಲ ಅಂತ."

"ಹಳೇ ಆಟಿಕೆ ನೋಡಿ ಬರೀಬಹುದಿತ್ತಲ್ಲ ತಾಯಿ?"

"ಸಿಕ್ಕಿದ್ದಕ್ಕೆಲ್ಲ ಕಣ್ಣೇ ಸವೆದುಹೋಗಿದೆ. ಮಕ್ಕಳ ಹೆಬ್ಬೆರಳು ಅಲ್ಲೇ ತಾಗೋದಲ್ವಾ. ನೀವೇ ಒಮ್ಮೆ ಸ್ಟುಡಿಯೋಗೆ ಬಂದು ಬರೆದುಕೊಡ್ಬೇಕು."

ಮಗಳಿಗೆ ಇದು ಬೇಕಿರಲಿಲ್ಲ. "ಅಮ್ಮ, ಸುಮ್ನಿರು. ಕೈ ನಡುಗುತ್ತೆ ನಿಂಗೆ," ಎಂದಳು. ಕಣ್ಣಕ್ಕನಿಗೂ ಬೇಕಿರಲಿಲ್ಲ. ಆದರೆ ಹುಡುಗಿಯ ಕಣ್ಣಿನ ಕೆಳಗೆ ಕಪ್ಪಾಗಿತ್ತು. ವಾರದಿಂದ ಸರಿಯಾಗಿ ಮಲಗಿಲ್ಲ ಎಂದು ಮುಖವೇ ಹೇಳುತ್ತಿತ್ತು. ದುಡಿದು ದಣಿದ ಮುಖ ಯಾವುದು ಎಂದು ಕಣ್ಣಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಒಂದು ದಿನ ಬರ್ತೀನಿ," ಎಂದಳು.

ಮಗಳು ರಜೆ ಹಾಕಿ ಜೊತೆಗೆ ಬಂದಳು. ಸ್ಟುಡಿಯೋದ ಕೋಣೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಿತ್ತು. ಛಾವಣಿಯ ತುಂಬ ದೀಪ, ಎಲ್ಲೂ ನೆರಳಿಲ್ಲ. ಹೊಸದಾಗಿ ಮಾಡಿಸಿದ ತಗಡಿನ ಕಪ್ಪೆಗಳು ಕುರುಡಾಗಿ ಸಾಲಾಗಿ ಕೂತಿದ್ದವು. ಕಣ್ಣಕ್ಕ ಕನ್ನಡಕ ಏರಿಸಿ ಎಡಗೈಯಲ್ಲಿ ಕುಂಚ ಹಿಡಿದಳು. ಐದಾರು ಜನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾ ನಿಂತರು.

ಮೊದಲ ಕಪ್ಪೆ ಚೆನ್ನಾಗಿ ಬಂತು. ಎರಡನೆಯದೂ ಚೆನ್ನಾಗಿತ್ತು. ಚಿತ್ರಗಾರ್ತಿ ಎತ್ತಿ ನೋಡಿ, ಸಂಕೋಚದಿಂದ ಕೆಳಗಿಟ್ಟಳು.

"ಚೆನ್ನಾಗಿದೆ ಅಜ್ಜಿ. ಆದ್ರೆ ಅದಲ್ಲ."

ಹತ್ತಾಯಿತು, ಇಪ್ಪತ್ತಾಯಿತು. ಎಲ್ಲ ಕಪ್ಪೆಗಳೂ ಒಳ್ಳೆಯ ಮನೆತನದವರ ಹಾಗೆ ನೆಟ್ಟಗೆ ನೋಡುತ್ತಿದ್ದವು. ಕಣ್ಣಕ್ಕನ ಮಣಿಕಟ್ಟು ಉರಿಯತೊಡಗಿತು. ಆ ಹೊತ್ತಿಗೆ ಪ್ರಚಾರದವನು ಕ್ಯಾಮೆರಾ ಹಿಡಿದುಕೊಂಡು ಬಂದ.

"ಅಮ್ಮಾ, ಪ್ರತಿ ಕಣ್ಣಲ್ಲೂ ಪ್ರೀತಿ ತುಂಬಿ ಬರೀತಿದ್ದೆ ಅಂತ ಒಂದು ಮಾತು ಹೇಳಿ."

"ಪ್ರೀತಿ ಎಲ್ಲಿಂದ ತರಲಪ್ಪಾ, ದಿನಕ್ಕೆ ಆರುನೂರು ಕಪ್ಪೆಗೆ? ಗಂಟೆ ಯಾವಾಗ ಹೊಡೆಯುತ್ತೋ ಅಂತ ಕಾಯ್ತಿದ್ದೆ."

"ಮಕ್ಕಳು ನೆನಪಾಗ್ತಿರಲಿಲ್ವಾ?"

"ಒಬ್ಬಳೇ ನೆನಪಾಗ್ತಿದ್ದಳು. ಅವಳಿಗೆ ಬೀಗದ ಕೈ ಕೊಟ್ಟು ಬಂದೆನೋ ಇಲ್ವೋ ಅಂತ."

ಅವನು ಕ್ಯಾಮೆರಾ ಇಳಿಸಿದ. ಗೋಡೆಗೆ ಒರಗಿ ನಿಂತಿದ್ದ ಮಗಳು ತಲೆ ತಗ್ಗಿಸಿ ತನ್ನ ಅಂಗೈ ನೋಡಿಕೊಂಡಳು. ಸೋಪಿನ ನೀರಿಗೆ ಬಿರುಕು ಬಿಟ್ಟ ಅಂಗೈ.

ಕಣ್ಣಕ್ಕ ಕುಂಚ ಕೆಳಗಿಟ್ಟು ಛಾವಣಿಯನ್ನೊಮ್ಮೆ ನೋಡಿದಳು. "ಈ ದೀಪ ಎಲ್ಲ ಆರಿಸಿ," ಎಂದಳು. "ಎಡಗಡೆ ಒಂದೇ ಬಲ್ಬು ಇಡಿ. ಮಂದ ಇರಲಿ."

ಕಾರ್ಖಾನೆಯಲ್ಲಿ ಎಲ್ಲ ಮೇಜಿಗೂ ಎಡಗಡೆಯೇ ಬಲ್ಬು ಬಡಿದಿದ್ದರು. ಬಲಗೈಯವರಿಗೆ ಅದೇ ಸರಿ. ಎಡಗೈಯವಳಿಗೆ ತನ್ನ ಕೈಯ ನೆರಳೇ ಕೆಲಸದ ಮೇಲೆ ಬೀಳುತ್ತಿತ್ತು, ಕಪ್ಪೆಯ ಎಡಗಣ್ಣನ್ನು ಅಂದಾಜಿನ ಮೇಲೇ ಇಡಬೇಕಿತ್ತು. ಬಲ್ಬು ಬದಲಿಸಿ ಎಂದು ಮೇಸ್ತ್ರಿಗೆ ಮೂರು ಸಲ ಹೇಳಿದ್ದಳು. "ನಿನ್ನೊಬ್ಬಳಿಗೋಸ್ಕರ ವೈರಿಂಗ್ ಮಾಡಿಸ್ಲಾ?" ಎಂದಿದ್ದ. ನಾಲ್ಕನೆಯ ಸಲ ಹೇಳಲಿಲ್ಲ.

ದೀಪ ಬಂತು. ಆ ಬೆಳಕಿನಲ್ಲಿ ಬರೆದ ಮೂರನೆಯ ಕಪ್ಪೆಗೆ ಎಡಗಣ್ಣು ಕೂದಲೆಳೆಯಷ್ಟು ಮೇಲೆ ಬಿತ್ತು. ತಕ್ಷಣ ಆ ತಗಡಿನ ಮುಖಕ್ಕೆ, ಯಾರೋ ಕರೆದರೇನೋ ಎಂದು ತಿರುಗಿ ನೋಡುವ ಭಾವ ಬಂದುಬಿಟ್ಟಿತು. ಚಿತ್ರಗಾರ್ತಿ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. "ಇದೇ," ಎಂದಳು. "ನಮ್ಮಮ್ಮ ಇಲ್ಲದ ವರ್ಷ ನನ್ನ ದಿಂಬಿನ ಹತ್ತಿರ ಇದ್ದದ್ದು ಇದೇ."

ಕಣ್ಣಕ್ಕ ಕಪ್ಪೆಯನ್ನೊಮ್ಮೆ, ಹುಡುಗಿಯನ್ನೊಮ್ಮೆ ನೋಡಿದಳು. ತನ್ನ ತಪ್ಪು ಯಾವುದೋ ಮನೆಯ ಮಗುವಿಗೆ ಜೊತೆಯಾಗಿತ್ತು. ಇತ್ತ ತನ್ನ ಮನೆಯ ಮಗು ಗೋಡೆಗೆ ಒರಗಿ ನಿಂತಿತ್ತು, ಕೂದಲು ಅರ್ಧ ನರೆತು. ಇನ್ನೂ ಹನ್ನೆರಡು ಕಪ್ಪೆ ಬರೆದುಕೊಟ್ಟು ಎದ್ದಳು. ಕೈ ನೋವು ಎಂಟು ದಿನ ಬಿಡಲಿಲ್ಲ. ಮಗಳೇ ಬೆಳಿಗ್ಗೆ ಸಂಜೆ ಬಿಸಿನೀರಿನ ಶಾಖ ಕೊಟ್ಟಳು.

ಸಿನಿಮಾ ಬಂದಾಗ ಎರಡು ಟಿಕೆಟ್ ಕಳಿಸಿದ್ದರು. ಮಧ್ಯಾಹ್ನದ ಆಟ. ಚಿಕ್ಕ ಮಕ್ಕಳಿಗಿಂತ ನಲವತ್ತು ದಾಟಿದವರೇ ಹೆಚ್ಚು. ಪರದೆಯ ಮೇಲೆ ಕುಪ್ಪಳಯ್ಯ ಮನೆಯಷ್ಟು ಎತ್ತರ ಬಂದು ನಿಂತು ಎಡಗಣ್ಣು ಮೇಲೆ ಮಾಡಿ ನೋಡಿದಾಗ, ಕತ್ತಲಲ್ಲಿ ಗಂಡಸರು ಮೂಗು ಒರೆಸಿಕೊಳ್ಳುವ ಸದ್ದು ಕೇಳಿತು. ಕಣ್ಣಕ್ಕ ಬಿಳಿ ಬಣ್ಣದ ಅಂಚು ಸರಿಯಾಗಿ ಬಂದಿದೆಯೇ ಎಂದಷ್ಟೇ ನೋಡಿದಳು. ಬಂದಿತ್ತು. ಆಮೇಲೆ ಸೀಟು ಮೆತ್ತಗಿತ್ತು, ಗಾಳಿ ತಂಪಾಗಿತ್ತು; ಕಪ್ಪೆ ಶತ್ರುಗಳ ಕೋಟೆಗೆ ನುಗ್ಗುವ ಹೊತ್ತಿಗೆ ಆಕೆಗೆ ಗಾಢ ನಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಪುಣ್ಯಕ್ಕೆ ಇಬ್ಬರಿಗೂ ಜಾಗ ಸಿಕ್ಕಿತು.

"ಕೊನೆಗೆ ಏನಾಯ್ತೇ ಅದಕ್ಕೆ?" ಎಂದಳು ಕಣ್ಣಕ್ಕ.

"ನೀನು ಗೊರಕೆ ಹೊಡೀತಿದ್ದೆ. ಮುಂದಿನ ಸೀಟಿನವನು ತಿರುಗಿ ನೋಡಿದ."

"ನೋಡ್ಲಿ ಬಿಡು. ಏನಾಯ್ತು ಹೇಳು."

ಮಗಳು ಹೇಳತೊಡಗಿದಳು. ಕೋಟೆ ಉರಿದದ್ದು, ಕಪ್ಪೆಯ ಸ್ಪ್ರಿಂಗ್ ತುಂಡಾದದ್ದು, ಕೊನೆಗೆ ಹಳೆಯ ಪೆಟ್ಟಿಗೆಯೊಳಗೆ ವಾಪಸು ಹೋಗಿ ಮಲಗಿದ್ದು.

"ಮಲಗೋಕೆ ಇಷ್ಟೆಲ್ಲ ಮಾಡ್ಬೇಕಿತ್ತಾ? ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯ್ತು," ಎಂದಳು ಕಣ್ಣಕ್ಕ. ಮಗಳಿಗೆ ನಗು ಬಂತು. ನಕ್ಕು, ತಾಯಿಯ ಭುಜಕ್ಕೆ ಹಣೆ ಊರಿದಳು. ಮಾರನೆಯ ಬೆಳಿಗ್ಗೆ ಅವಳಿಗೆ ಆರಕ್ಕೇ ಪಾಳಿ ಇತ್ತು. ಎರಡು ನಿಲ್ದಾಣ ಕಳೆಯುವಷ್ಟರಲ್ಲಿ ಅವಳಿಗೂ ನಿದ್ದೆ ಹತ್ತಿತು. ತಮ್ಮ ನಿಲ್ದಾಣ ತಪ್ಪಿಹೋಗದ ಹಾಗೆ ಕಣ್ಣಕ್ಕ ಕಿಟಕಿಯಾಚೆ ನೋಡುತ್ತಾ ಕೂತಳು.