ನಾನು ತರದ ಬೇನೆ

ವಾಡಿಯ ಕ್ವಾರ್ಟರ್ಸಿಗೆ ಮದುವೆಯಾಗಿ ಬಂದ ಎರಡನೆಯ ವರ್ಷ ನನಗೆ ಆ ಬೇನೆ ಶುರುವಾಯಿತು. ಮೂತ್ರಕ್ಕೆ ಹೋದರೆ ಮೆಣಸಿನಕಾಯಿ ಅರೆದು ಹಚ್ಚಿದಂಥ ಉರಿ. ಬಿಳಿಸೆರಗು ಹಳದಿಗೆ ತಿರುಗಿ ವಾಸನೆ ಹೊಡೆಯುತ್ತಿತ್ತು. ಅತ್ತೆ ಉಷ್ಣವೆಂದು ಸಬ್ಜಾ ನೆನೆಸಿಕೊಟ್ಟರು. ಸಿಮೆಂಟ್ ಫ್ಯಾಕ್ಟರಿಯಿಂದ ಬರುತ್ತಿದ್ದ ಗಂಡ ಎಲ್ಲ ಕೇಳಿಯೂ ಕೇಳದವನಂತೆ ಉಣ್ಣುತ್ತಿದ್ದ.

ಕಿಬ್ಬೊಟ್ಟೆ ನೋವಿನ ಜೊತೆ ಜ್ವರವೂ ಬಂದಾಗ ಒಬ್ಬಳೇ ರೈಲು ಹತ್ತಿ ಚಿತ್ತಾಪುರದ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಪರೀಕ್ಷೆ ಮಾಡಿ, ರಕ್ತವನ್ನೂ ತೆಗೆಸಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಹೇಳಿದರು: “ಇದು ಉಷ್ಣ ಅಲ್ಲ ತಂಗಿ. ಗಂಡ-ಹೆಂಡತಿ ಕೂಡೋದ್ರಿಂದ ಬರೋ ಸೋಂಕು. ಇಬ್ರೂ ಔಷಧ ತಗೋಬೇಕು. ನಿಮ್ಮ ಮನ್ಯಾಗಿನವ್ರನ್ನ ಕರ್ಕೊಂಡ್ ಬರ್ರಿ. ಅಲ್ಲಿತನಕ ಕೂಡಬ್ಯಾಡ್ರಿ.”

ಸಂಜೆ ಗಂಡನಿಗೆ ಹೇಳಿದೆ. ತಟ್ಟೆ ದೂಡಿ ಎದ್ದ.

“ಎಲ್ಲಿಂದ ತಂದಿ ಈ ಹೊಲಸು?”

“ನಳದ ನೀರಿಗಿ ಹೋದ್ರ ತಾಸುಗಟ್ಟಲೆ ನಿಂದಿರ್ತಾಳ. ಯಾರ್ ಕಂಡಾರ?” ಎಂದರು ಅತ್ತೆ.

“ನೀವೂ ತಪಾಸ ಮಾಡಿಸ್ಕೋರಿ, ಗೊತ್ತಾಗ್ತದ,” ಎಂದೆ.

“ನನಗ್ಯಾಕ ತಪಾಸ? ನಂದು ದೀಪಾವಳಿಗೇ ಆರಾಮಾಗ್ಯಾದ!”

ಮಾತು ಬಾಯಿಂದ ಬಿದ್ದ ಮೇಲೆ ಅವನ ಮುಖ ಬಿಳಿಚಿತು. ಶಹಾಬಾದಿನ ಯಾವುದೋ ಔಷಧದ ಅಂಗಡಿಯಲ್ಲಿ ಕೇಳಿ ಗುಳಿಗೆ ನುಂಗಿದ್ದನಂತೆ. ಉರಿ ನಿಂತಿತ್ತಂತೆ. ನಿಂತ ಮೇಲೆ ನನಗೇಕೆ ಹೇಳಬೇಕು? ಅದೇ ದೀಪಾವಳಿಗೆ ಅವನ ಬೆನ್ನಿಗೆ ಎಣ್ಣೆ ತಿಕ್ಕಿ ನೀರು ಹಾಕಿದ್ದೆ ನಾನು.

“ಗಂಡಸು ಅಂದಮ್ಯಾಲ ಒಮ್ಮೊಮ್ಮಿ ಕಾಲು ಜಾರ್ತದ. ದೊಡ್ಡದು ಮಾಡಬ್ಯಾಡ,” ಎಂದರು ಅತ್ತೆ.

“ಬ್ಯಾನಿ ನನಗ ಆಗ್ಯಾದ ಅತ್ತಿ. ದೊಡ್ಡದು ನಾನೇ ಮಾಡ್ತೀನಿ. ನಾಳಿ ಇವರು ದವಾಖಾನಿಗಿ ಬರಲಿಲ್ಲಂದ್ರ ಫ್ಯಾಕ್ಟರಿ ಗೇಟಿಗಿ ಹೋಗಿ ಹೇಳ್ತೀನಿ.”

ಬಂದ. ರೈಲಿನಲ್ಲಿ ಬೇರೆ ಡಬ್ಬಿಯಲ್ಲಿ ಕುಳಿತ. ಡಾಕ್ಟರಮ್ಮನ ಎದುರು ಮಾತ್ರ ಕೈಕಟ್ಟಿ, “ಹೌದ್ರಿ ಮೇಡಂ, ತಪ್ಪಾಗ್ಯಾದ್ರಿ,” ಎಂದ. ನನಗೆ ಆ ಮಾತನ್ನು ಅವನು ಇವತ್ತಿಗೂ ಹೇಳಿಲ್ಲ.

ಇಬ್ಬರಿಗೂ ಔಷಧಿಯಾಯಿತು. ನನ್ನ ಉರಿ, ಜ್ವರ ಹೋದವು. ಎಚ್‌ಐವಿ ಇಲ್ಲವೆಂದು ಆಗಲೂ ತಿಳಿಯಿತು, ಮೂರು ತಿಂಗಳ ಮೇಲೆ ಮತ್ತೆ ರಕ್ತ ಕೊಟ್ಟಾಗಲೂ ತಿಳಿಯಿತು. ಆದರೆ ಸೋಂಕು ಗರ್ಭಕೋಶದವರೆಗೆ ಏರಿತ್ತು. ಮೊದಲೇ ಬಂದಿದ್ದರೆ ಚೆನ್ನಾಗಿತ್ತು, ಮಕ್ಕಳಾಗುವುದು ಇನ್ನು ತಡವಾದೀತು ಎಂದು ಡಾಕ್ಟರಮ್ಮ ಮೆಲ್ಲಗೆ ಹೇಳಿದರು.

ಹೋದ ತಿಂಗಳು ಸೇಡಮ್ಮಿನಿಂದ ಬಂದ ನಾದಿನಿ ಎಲ್ಲರೆದುರು, “ವೈನಿ, ಸಿಹಿ ಸುದ್ದಿ ಯಾವಾಗ?” ಎಂದು ಕೇಳಿದಳು. ಅತ್ತೆ ನನ್ನತ್ತ ಕಣ್ಣು ಕೆಕ್ಕರಿಸಿದರು.

“ನಿಮ್ಮ ಅಣ್ಣಗ ಕೇಳವಾ,” ಎಂದೆ. “ಎಲ್ಲಾ ಅವ್ರಿಗಿ ಗೊತ್ತದ.”

ಅವನು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ನಾನು ನಾದಿನಿಗೆ ಚಹಾ ಬಗ್ಗಿಸಿ ಕೊಟ್ಟೆ.