ಗೆದ್ದವರಿಲ್ಲದ ಫೈನಲ್

ಫುಟ್‌ಬಾಲಿನ ಬಗ್ಗೆ ನನಗೆಷ್ಟು ಗೊತ್ತು ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚೆಂಡು ದುಂಡಗಿರುತ್ತದೆ, ಅದನ್ನು ಕಾಲಿನಿಂದ ಒದೆಯಬೇಕು. ಇಷ್ಟೇ ಬಂಡವಾಳ ಇಟ್ಟುಕೊಂಡು ನಾನು ಒಂದು ಪಂದ್ಯಾವಳಿಯ ಉದ್ದಕ್ಕೂ ಮೈಕ್ ಹಿಡಿದು ವೀಕ್ಷಕ ವಿವರಣೆ ಕೊಟ್ಟಿದ್ದೇನೆ. ಆಫ್‌ಸೈಡ್ ಎಂದರೇನೆಂದು ಇವತ್ತಿಗೂ ತಿಳಿಯದು. ರೆಫರಿ ಸೀಟಿ ಊದಿ ಕೈ ಎತ್ತಿದಾಗಲೆಲ್ಲ, "ಏನೋ ತಪ್ಪಾಗಿದೆ, ಹಿರಿಯರು ವಿಚಾರಿಸುತ್ತಿದ್ದಾರೆ" ಎಂದು ಹೇಳಿ ಮುಂದೆ ಸಾಗುತ್ತಿದ್ದೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೂ ಅಷ್ಟೇ ಗೊತ್ತಿದ್ದದ್ದು ನನ್ನ ಪುಣ್ಯ.

ನನ್ನನ್ನು ಇದಕ್ಕೆ ಎಳೆದವರು ನಾಗರಾಜ ಮೇಷ್ಟ್ರು. ಬಳ್ಳಾರಿಯಲ್ಲಿ ನಾನು ಕನ್ನಡ ಕಲಿಸುತ್ತಿದ್ದ ಹೈಸ್ಕೂಲಿನಲ್ಲೇ ಅವರು ಆಟದ ಮೇಷ್ಟ್ರು. ಎಲ್ಲೆಲ್ಲೂ ಕ್ರಿಕೆಟ್ಟೇ ಆಗಿಹೋಯಿತೆಂಬ ಸಂಕಟ ಅವರದು. ಬಳ್ಳಾರಿ, ಸಿರುಗುಪ್ಪ, ಕುರುಗೋಡು ಈ ಮೂರೂ ಊರಿನ ತಂಡಗಳನ್ನು ಕೂಡಿಸಿ ವರ್ಷಕ್ಕೊಮ್ಮೆ ಫುಟ್‌ಬಾಲ್ ಆಡಿಸಬೇಕೆಂದು ಹೊರಟರು. "ಸರ, ಆಟ ನಾ ನೋಡ್ಕಂತೀನಿ. ನಿಮಗ ಮಾತು ಬರ್ತೈತಿ, ಮೈಕ್ ನೀವು ಹಿಡೀರಿ" ಎಂದರು. ಮಾತು ಬರುತ್ತದೆ ಎಂದು ಯಾರಾದರೂ ಹೇಳಿದರೆ ನಾನು ಎಲ್ಲಿಗೆ ಬೇಕಾದರೂ ಹೋಗುವವನು.

ಮೊದಲ ವರ್ಷ ಬಳ್ಳಾರಿಯಲ್ಲಿ ಆಡಿದರು. ಧೂಳಿನಲ್ಲಿ ಚೆಂಡೇ ಕಾಣದೆ ನಾನು ಊಹೆಯ ಮೇಲೆ ವಿವರಿಸಿದೆ. ಎರಡನೆಯ ವರ್ಷ ಕುರುಗೋಡಿನಲ್ಲಿ. ಅಲ್ಲಿಯ ಬಂಡೆಗಳನ್ನು ನೀವು ನೋಡಿರಬೇಕು. ಒಂದರ ಮೇಲೊಂದು ಯಾರೋ ಜೋಡಿಸಿಟ್ಟು ಮರೆತುಹೋದಂತೆ ನಿಂತಿವೆ. ಜನ ಅವುಗಳ ಮೇಲೆ ಕುಳಿತು ಆಟ ನೋಡಿದರು. ಗೆರೆ ದಾಟಿದ ಚೆಂಡು ಬಂಡೆಗೆ ಬಡಿದು ತಾನಾಗಿಯೇ ವಾಪಸು ಬರುತ್ತಿತ್ತು. ಎರಡೂ ವರ್ಷ ಫೈನಲ್ಲಿಗೆ ಬಂದದ್ದು ಸಿರುಗುಪ್ಪ ಮತ್ತು ಕುರುಗೋಡು. ಎರಡೂ ವರ್ಷ ಗೆದ್ದದ್ದು ಕುರುಗೋಡು.

ಕಾರಣ ಒಬ್ಬನೇ, ಅವರ ಗೋಲು ಕಾಯುವ ಜಡೆಪ್ಪ. ಟ್ರ್ಯಾಕ್ಟರ್ ಓಡಿಸುವವನು, ಮೊರದಗಲದ ಅಂಗೈ. ಸಿರುಗುಪ್ಪದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಿದ್ದ ಖಾಜಾ ಆ ಊರಿನ ತಂಡದ ಮುಂದಾಳು, ಚಿಗರೆಯಂತೆ ಓಡುವವನು. ಅವನು ಒದ್ದದ್ದನ್ನೆಲ್ಲ ಜಡೆಪ್ಪ ಹಿಡಿದುಬಿಡುತ್ತಿದ್ದ. "ಒಂದ ಒಂದು ಗೋಲು ಸರ, ಅವನ ಕೈ ತಪ್ಪಿಸಿ ಒಂದ ಒಂದು" ಎಂದು ಖಾಜಾ ನನ್ನೆದುರು ಹಲುಬುತ್ತಿದ್ದ.

ಮೂರನೆಯ ವರ್ಷ ಸಿರುಗುಪ್ಪದ ಸರದಿ. ಅಲ್ಲಿ ಮೈದಾನ ಸಿಗಲಿಲ್ಲ. ಆಗ ಪಕ್ಕದ ದೇಶನೂರಿನ ಹುಲಿಗೆಮ್ಮ ಎಂಬ ರೈತ ಮಹಿಳೆ ಭತ್ತ ಕೊಯ್ದ ತನ್ನ ಗದ್ದೆಯನ್ನೇ ಕೊಟ್ಟಳು. "ಸುಮ್ನ ಬಿದ್ದೈತಿ, ಆಡ್ಕಳ್ರಿ. ಆದ್ರ ಕಾಲ್ವಿ ನೀರು ಬರೋದ್ರೊಳಗ ಬದು ಮೊದಲಿನಂಗ ಹಾಕಿ ಕೊಡಬೇಕು ನೋಡ್ರಿ." ನಾಗರಾಜ ಮೇಷ್ಟ್ರು ಒಪ್ಪಿ, ನಡುವಿನ ಬದುಗಳನ್ನೆಲ್ಲ ಕಡಿಸಿ, ನೆಲ ಸಮ ಮಾಡಿಸಿದರು. ಗದ್ದೆಯ ಕೆಳಮಗ್ಗುಲಲ್ಲಿ ಹುಲಿಗೆಮ್ಮ ಮೆಣಸಿನಕಾಯಿ ಒಣಹಾಕಿದ್ದಳು. ವರ್ಷದ ಬೆಳೆಯೆಲ್ಲ ಅಲ್ಲಿ ಕೆಂಪು ಜಮಖಾನದಂತೆ ಹರಡಿಕೊಂಡಿತ್ತು.

ಫೈನಲ್ ದಿನ ಹಚ್ಚೊಳ್ಳಿ, ತೆಕ್ಕಲಕೋಟೆಗಳಿಂದ ಜನ ಟ್ರ್ಯಾಕ್ಟರ್ ತುಂಬ ಬಂದರು. ಮತ್ತೆ ಅವೇ ಎರಡು ತಂಡಗಳು. ಆಟ ಮುಗಿಯುತ್ತ ಬಂದರೂ ಯಾರಿಗೂ ಗೋಲಿಲ್ಲ. ಅಷ್ಟರಲ್ಲಿ ಚೆಂಡು ಖಾಜಾನ ಕಾಲಿಗೆ ಸಿಕ್ಕಿತು. ಅವನು ಇಬ್ಬರನ್ನು ದಾಟಿ ನುಗ್ಗಿದ. ಅದೇ ಗಳಿಗೆಯಲ್ಲಿ ಜಡೆಪ್ಪನ ಬೆನ್ನ ಹಿಂದೆ ಏನೋ ಕುಸಿದ ಸದ್ದಾಯಿತು. ಇನ್ನೂ ತಡವೆಂದು ನಾವು ಲೆಕ್ಕ ಹಾಕಿದ್ದ ಕಾಲುವೆ ನೀರು ಆಗಲೇ ಬಂದು, ಗದ್ದೆಯ ತಲೆಗಿದ್ದ ಹಳೆಯ ಏರಿಯನ್ನು ಒಡೆದಿತ್ತು. ತಡೆಯಲು ನಡುವೆ ಒಂದೂ ಬದುವಿಲ್ಲ. ನೀರು ನೇರ ಮೆಣಸಿನಕಾಯಿಯತ್ತ.

ಜಡೆಪ್ಪ ಹಿಂದಿರುಗಿ ನೋಡಿದ. ಗೋಲು ಬಿಟ್ಟು ಓಡಿದ. ಒಡೆದ ಕಡೆ ನೀರಿಗೆ ಬೆನ್ನು ಕೊಟ್ಟು ಕುಳಿತೇಬಿಟ್ಟ. "ಮಣ್ಣು ತರ್ರಿ, ಲಗೂನ ತರ್ರಿ!" ಎಂದು ಕೂಗಿದ.

ಕೆಳಗಿನಿಂದ ಹುಲಿಗೆಮ್ಮ, "ನೀವು ಆಡ್ರಿ, ನಾ ನೋಡ್ಕಂತೀನಿ" ಎನ್ನುತ್ತಲೇ ಸೆರಗು ಕಟ್ಟಿ ಮೆಣಸಿನಕಾಯಿ ಬಾಚತೊಡಗಿದ್ದಳು. ಒಬ್ಬಳೇ ಎಷ್ಟೆಂದು ಬಾಚಿಯಾಳು!

ಖಾಜಾನ ಮುಂದೆ ಗೋಲು ಬಾಗಿಲು ತೆಗೆದ ಮನೆಯಂತೆ ಖಾಲಿ ನಿಂತಿತ್ತು. ನೀರನ್ನು ಕಾಣದ ಜನ "ಕೊಟ್ಟು ರಾ, ಕೊಟ್ಟು!" ಎಂದು ತೆಲುಗಿನಲ್ಲಿ ಅಬ್ಬರಿಸುತ್ತಿದ್ದರು. ತೆಲುಗಿನಲ್ಲಿ ಅದಕ್ಕೆ ಹೊಡೆ ಎಂದು ಅರ್ಥ. ಕನ್ನಡದಲ್ಲಿ ಅದೇ ಸದ್ದು ಕೊಡುವುದಕ್ಕೆ ಸೇರಿದ್ದು. ಎರಡು ಭಾಷೆಯ ಊರಿನವನಾದ ಖಾಜಾನಿಗೆ ಯಾವುದು ಕೇಳಿಸಿತೋ ನಾನರಿಯೆ. ಅವನು ನಿಂತ. ಬಗ್ಗಿ ಚೆಂಡನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. ರೆಫರಿಯಾಗಿದ್ದ ನಾಗರಾಜ ಮೇಷ್ಟ್ರು ಅಭ್ಯಾಸಬಲದಿಂದ ಸೀಟಿ ಊದಿದರು, ಕೈ ತಾಗಿಸಿದ್ದು ತಪ್ಪೆಂದು! ಖಾಜಾ ಚೆಂಡನ್ನು ಪಕ್ಕಕ್ಕೆ ಎಸೆದು, ಖಾಲಿ ಗೋಲನ್ನು ಹಾಯ್ದು, ಜಡೆಪ್ಪನ ಬಳಿಗೆ ಓಡಿದ.

ಆಮೇಲೆ ಯಾರು ಯಾವ ತಂಡವೋ ತಿಳಿಯಲಿಲ್ಲ. ಆಟಗಾರರು, ಪ್ರೇಕ್ಷಕರು, ಟ್ರ್ಯಾಕ್ಟರಿನವರು ಎಲ್ಲರೂ ಮಣ್ಣು ಹೊತ್ತರು. ಮೇಷ್ಟ್ರು ಸೀಟಿಯನ್ನು ಬಾಯಲ್ಲೇ ಮರೆತಿದ್ದರಿಂದ ಪ್ರತಿ ಬುಟ್ಟಿ ಎತ್ತುವಾಗಲೂ ಅದು ಪೀ ಎನ್ನುತ್ತಿತ್ತು. ಹೆಂಗಸರು ಸೆರಗಿನಲ್ಲಿ, ಗಂಡಸರು ಪಂಚೆಯಲ್ಲಿ ಮೆಣಸಿನಕಾಯಿ ತುಂಬಿ ದಿಬ್ಬಕ್ಕೆ ಸಾಗಿಸಿದರು. ಎಲ್ಲಿಗೆ ಸಲಿಕೆ ಬೇಕು, ಎಲ್ಲಿಗೆ ಜನ ಬೇಕು ಎಂದು ನಾನು ಮೈಕಿನಲ್ಲಿ ಕೂಗಿದೆ. ನನ್ನ ವಿವರಣೆ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಖಾರದ ಘಾಟಿಗೆ ಇಡೀ ಗದ್ದೆಯೇ ಸೀನಿತು. ಎಲ್ಲರ ಕಣ್ಣಲ್ಲೂ ನೀರಿತ್ತು. ನನ್ನದು ಬರೀ ಘಾಟಿನದಲ್ಲ.

ಹೊತ್ತು ಮುಳುಗುವಷ್ಟರಲ್ಲಿ ಒಡೆದ ಏರಿ ಮತ್ತೆ ನಿಂತಿತು. ಅಂಚಿನ ಒಂದಿಷ್ಟು ನೆನೆದು ಹೋದರೂ ಬೆಳೆ ಉಳಿಯಿತು. ಹುಲಿಗೆಮ್ಮ ಎಲ್ಲರಿಗೂ ಮಂಡಕ್ಕಿ ಒಗ್ಗರಣೆ ಮಾಡಿಸಿ ಹಾಕಿ, "ನಿಮ್ಮ ಆಟ ಕೆಡ್ತಲ್ಲೋ ಯಪ್ಪಾ" ಎಂದು ತಾನೇ ಪೇಚಾಡಿದಳು.

ಆ ಫೈನಲ್ ಮತ್ತೆ ನಡೆಯಲಿಲ್ಲ. ಗದ್ದೆಯಲ್ಲಿ ನಾಟಿ ಶುರುವಾಯಿತು. ಮರುವರ್ಷ ಮೇಷ್ಟ್ರಿಗೆ ವರ್ಗವಾಯಿತು. ಅವರ ಹುಚ್ಚು ಬೇರೆ ಯಾರಿಗೂ ಹಿಡಿಯಲಿಲ್ಲ. ಪಂದ್ಯಾವಳಿಯ ಚರಿತ್ರೆ ಇಷ್ಟೇ.

ಮೊನ್ನೆ ಬಳ್ಳಾರಿ ಬಸ್ ನಿಲ್ದಾಣದಲ್ಲಿ ಖಾಜಾ ಸಿಕ್ಕಿದ. ತಡೆಯಲಾರದೆ ಆ ಖಾಲಿ ಗೋಲಿನ ಬಗ್ಗೆ ಕೇಳಿಯೇಬಿಟ್ಟೆ.

"ಖರೆ ಹೇಳ್ಲೇನು ಸರ? ಈಗೂ ಹೊಟ್ಟಿ ಉರೀತೈತಿ. ಒಂದು ಒದ್ದು ಹೋಗಿದ್ರ ಏನಾಗ್ತಿತ್ತು? ಅಷ್ಟರಾಗ ನೀರೇನು ಹೆಚ್ಚು ಬರ್ತಿದ್ದಿಲ್ಲ."

"ಮತ್ತ್ಯಾಕ ಒದೀಲಿಲ್ಲ?"

ಅವನು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದ. "ಜಡೆಪ್ಪ ಇರ್ಲಿಲ್ಲಲ್ರಿ ಅಲ್ಲಿ. ಯಾರಿಗೆ ಹೊಡೀಲಿ?"

ಎಲ್ಲಿಗೆ ಹೊರಟೆಯೆಂದು ಕೇಳಿದರೆ, "ಕುರುಗೋಡಿಗೆ ಸರ. ಜಡೆಪ್ಪನ ತಂಗಿ ಮದುವಿ ಐತಿ, ಬಡಿಸಾಕ ಜನ ಕಮ್ಮಿ ಅದಾರಂತ" ಎಂದ.

ಅಷ್ಟರಲ್ಲಿ ಬಸ್ಸು ಬಂತು. ಖಾಜಾ ನಾಲ್ಕು ಜನರನ್ನು ತಳ್ಳಿಕೊಂಡು ಹೋಗಿ, ಕಿಟಕಿಯೊಳಕ್ಕೆ ಟವೆಲ್ ಎಸೆದು, ಒಬ್ಬ ಹಿರಿಯರಿಗಿಂತ ಮೊದಲು ಸೀಟು ಹಿಡಿದ. ಖಾಲಿ ಗೋಲು ಬಿಟ್ಟವನು ಖಾಲಿ ಸೀಟು ಬಿಡಲಿಲ್ಲ. ನನಗೇನೂ ಬೇಸರವಾಗಲಿಲ್ಲ. ಮನುಷ್ಯ ದಿನಾಲೂ ಅಷ್ಟು ಎತ್ತರದಲ್ಲಿ ನಿಂತಿರಲಾರ. ಒಂದು ಸಲ ನಿಂತದ್ದನ್ನು ಕಣ್ಣಾರೆ ಕಂಡೆನಲ್ಲ, ನನ್ನ ಜನ್ಮಕ್ಕೆ ಅದು ಸಾಕು.