ಸುಣ್ಣದ ಕೆಳಗಿನ ಪಟ್ಟಿ

ನಾನು ಚಿಕ್ಕವನಿದ್ದಾಗ ನಮ್ಮೂರ ಚಾವಡಿಯ ಬಿಳಿ ಗೋಡೆಯೊಳಗಿಂದ ಅಕ್ಷರಗಳು ಎದ್ದು ಬಂದದ್ದನ್ನು ನೋಡಿದ್ದೇನೆ. ನೋಡಿದ್ದೇನೆ ಎಂದು ಬರೆದೆನೇ ಹೊರತು ಖಾತ್ರಿ ಇಲ್ಲ. ಅಪ್ಪನ ಹೆಗಲ ಮೇಲೆ ಕುಳಿತಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಅಕ್ಕ ಮುದುಕಿಯಾದ ಮೇಲೆ ಒಮ್ಮೆ ಕೇಳಿದರೆ, "ಹೋಗೋ, ನೀ ಅವತ್ತ ಜ್ವರ ಬಂದು ಮನ್ಯಾಗ ಮಲ್ಕೊಂಡಿದ್ದಿ" ಎಂದು ನಕ್ಕುಬಿಟ್ಟಳು. ಕಾಲೇಜು, ವಿಶ್ವವಿದ್ಯಾಲಯ ಎಂದು ಓದಿ, ಯಾವ ಮಾತಿಗೂ ಪುರಾವೆ ಕೇಳುವ ಚಟ ಹತ್ತಿಸಿಕೊಂಡವನು ನಾನು. ನನ್ನ ನೆನಪಿಗೇ ಪುರಾವೆ ಇಲ್ಲವೆಂದರೆ ಏನು ಮಾಡಲಿ? ಮಕ್ಕಳೇ, ಇದನ್ನು ಅರ್ಧ ನೆನಪು, ಅರ್ಧ ಜ್ವರ ಎಂದೇ ಓದಿ.

ನಮ್ಮದು ಭಾಲ್ಕಿ ತಾಲ್ಲೂಕಿನಲ್ಲಿ ಹಲಬರ್ಗಾದ ಆಚೆಗಿನ ಚಿಕ್ಕ ಊರು. ಪೊಲೀಸ್ ಕಾರ್ಯಾಚರಣೆ ಮುಗಿದು, ನಿಜಾಮರ ದರ್ಬಾರು ಹೋಗಿ, ಹೈದರಾಬಾದ್ ರಾಜ್ಯ ಭಾರತಕ್ಕೆ ಸೇರಿದ್ದ ಹೊಸತು. ಆಗ ಸರ್ಕಾರ ಏನಾದರೂ ಕಾಯಿದೆ ಮಾಡಿದರೆ ಊರಿಗೆ ತಿಳಿಯುತ್ತಿದ್ದುದು ಹೀಗೆ: ಮೊದಲು ಹಲಗೆ ಬಾರಿಸುವ ಮುತ್ಯಾ ಅಗಸಿಯ ಬಾಗಿಲಲ್ಲಿ, ಬಾವಿಯ ಹತ್ತಿರ, ಚಾವಡಿಯ ಮುಂದೆ ನಿಂತು ಕೂಗುತ್ತಿದ್ದ. ಆಮೇಲೆ ಊರಿನ ಜಮೀನಿನ ಲೆಕ್ಕ ಬರೆಯುವ ಪಟವಾರಿ ಚಾವಡಿಯ ಗೋಡೆಗೆ ಕಾಗದ ಅಂಟಿಸುತ್ತಿದ್ದರು. ಅಂಟು ಎಂದರೆ ಜೋಳದ ಹಿಟ್ಟಿನ ಗಂಜಿ. ಹೊಸ ಕಾಗದ ಬಂದ ದಿನ ಚಾವಡಿಯ ತುಂಬ ಅಂಬಲಿಯ ವಾಸನೆ. ಆಡುಗಳು ಕತ್ತು ನೀಡಿ ಮೂಸುತ್ತಿದ್ದವು. ಕಾಗದದ ಮೇಲಿನ ಅಕ್ಷರ ಉರ್ದು. ಗಾಳಿಗೆ ಬಾಗಿದ ಹುಲ್ಲಿನ ಹಾಗೆ, ನಡುನಡುವೆ ಜೋಳದ ಕಾಳು ಚೆಲ್ಲಿದ ಹಾಗೆ ಕಾಣುತ್ತಿದ್ದ ಅದನ್ನು ಓದಬಲ್ಲವರು ಪಟವಾರಿ ಒಬ್ಬರೇ ಎಂದು ಊರು ನಂಬಿತ್ತು.

ಆ ಸುಗ್ಗಿಯಲ್ಲಿ ಒಂದು ಕಾಗದ ಬಂತು. ಮುತ್ಯಾ ಕೂಗಿದ ಹೊತ್ತಿಗೆ ಊರೆಲ್ಲ ಹೊಲದಲ್ಲಿತ್ತು. ತೆನೆ ಮುರಿಯುತ್ತಿದ್ದವರಿಗೆ ಹಲಗೆಯ ಸದ್ದು ಮಾತ್ರ ದೂರದ ಗುಡುಗಿನ ಹಾಗೆ ಕೇಳಿಸಿತು, ಮಾತು ಕೇಳಿಸಲಿಲ್ಲ. ಪಟವಾರಿ ಕಾಗದ ಅಂಟಿಸಿ, ಬೀಗರ ಮನೆಯ ಮದುವೆಗೆಂದು ಔರಾದಿಗೆ ಹೋದರು. ಅಷ್ಟರಲ್ಲಿ ಹೊಸ ಸರ್ಕಾರದ ಸಾಹೇಬರು ಊರೂರು ನೋಡುವ ದೌರೆಯ ಮೇಲೆ ನಮ್ಮೂರಿಗೂ ಬರುತ್ತಾರೆ ಎಂಬ ಸುದ್ದಿ ಹಬ್ಬಿತು. ಮರ್ಯಾದೆ ಬೇಡವೇ? ಚಾವಡಿಗೆ ಸುಣ್ಣ ಬಳಿಯಬೇಕು ಎಂದು ಹಿರಿಯರು ತೀರ್ಮಾನಿಸಿದರು. ಬಳಿಯುವ ಕೆಲಸ ಅಪ್ಪನ ಪಾಲಿಗೆ ಬಂತು. ಗೋಡೆಯ ಮೇಲೆ ಹಳೆಯ ಕಾಗದಗಳ ಪದರು ಪದರು. "ರಾಜಾನೇ ಹೋದ, ಅವನ ಕಾಗದ ಯಾಕ? ಹಚ್ಚಿಬಿಡು" ಎಂದರು ಎಲ್ಲರೂ. ಸುಣ್ಣ ಸಾಲದೆ ನೀರು ಬೆರೆಸಿದ್ದರು. ಅಪ್ಪ ನಾರಿನ ಕುಂಚದಿಂದ ಎಲ್ಲ ಕಾಗದಗಳ ಮೇಲೂ ಎಳೆದುಬಿಟ್ಟ. ಸಂಜೆಯ ಬಿಸಿಲಿಗೆ ಗೋಡೆ ಹಾಲಿನ ಕೆನೆಯ ಹಾಗೆ ಹೊಳೆಯಿತು.

ಮರುದಿನ ಎಕಂಬಾದಿಂದ ಸೋದರಮಾವ ಬಂದ. ಕಾಲು ತೊಳೆಯುವ ಮೊದಲೇ, "ಪಟ್ಟ್ಯಾಗ ನಿಮ್ಮ ಹೆಸರು ಅದೇನ್ರಿ ಭಾವಾ? ನಮ್ಮೂರಾಗ ಎಷ್ಟೋ ಮಂದೀದು ಬಿಟ್ಟಾರ" ಎಂದ. ಯಾವ ಪಟ್ಟಿ ಎಂದು ಅಪ್ಪ ಕೇಳಿದ. ಮಾವ ವಿವರಿಸಿದ: ಯಾರ ಹೊಲವನ್ನು ಯಾರು ಉಳುತ್ತಾರೆ ಎಂದು ಊರೂರಿಗೂ ಸರ್ಕಾರ ಪಟ್ಟಿ ಅಂಟಿಸಿದೆ. ಅದರಲ್ಲಿ ಹೆಸರಿದ್ದ ರೈತನನ್ನು ಒಡೆಯ ಬೇಕೆಂದಾಗ ಹೊಲ ಬಿಡಿಸುವಂತಿಲ್ಲ. ಹೆಸರು ಬಿಟ್ಟುಹೋಗಿದ್ದರೆ ಕಾಗದದಲ್ಲಿ ಹೇಳಿದ ದಿನದೊಳಗೆ ಭಾಲ್ಕಿಯ ಕಚೇರಿಗೆ ತಕರಾರು ಅರ್ಜಿ ಕೊಡಬೇಕು. ನಮ್ಮ ಹೊಲದ ಒಡೆಯರು ಬೀದರ್ ಪಟ್ಟಣದಲ್ಲಿದ್ದರು. ಅಜ್ಜನ ಕಾಲದಿಂದ ಉತ್ತವರು ನಾವು. ಅಪ್ಪ ತನ್ನ ಕೈ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಇನ್ನೂ ಸುಣ್ಣವಿತ್ತು.

ಚಾವಡಿಯ ಮುಂದೆ ಜನ ಕೂಡಿದರು. ಮಾವ ಗೋಡೆ ನೋಡಿ, "ಭೇಷ್ ಭಾವಾ! ಹೊಸ ಸರ್ಕಾರದ ಮಾರಿಗೇ ಸುಣ್ಣಾ ಹಚ್ಚೀರಲ್ರಿ!" ಎಂದ.

"ಅಕ್ಷರ ಹಳೇವೇ ಇದ್ದುವಲ್ಲೋ" ಎಂದ ಅಪ್ಪ. ಸರ್ಕಾರ ಬದಲಾದರೂ ಅದರ ಅಕ್ಷರ ಇನ್ನೂ ಬದಲಾಗಿರಲಿಲ್ಲ ಎಂಬುದು ಅವನಿಗೆ ಹೇಗೆ ತಿಳಿಯಬೇಕು?

ಒಬ್ಬರು ಕುಡುಗೋಲು ತಂದು ಕೆರೆಯಲು ಹೋದರು. ಆಗ ಅಕ್ಕ ಗುಂಪಿನ ಹಿಂದಿನಿಂದ ಕೂಗಿದಳು: "ಕೆರೀಬ್ಯಾಡ್ರಿ, ಕಾಗದಾನೇ ಹರೀತದ! ನೀರ್ ಹಾಕ್ರಿ. ಮಳಿ ಸೋರ್ದಾಗ ಗ್ವಾಡ್ಯಾಗ ಸುಣ್ಣದ ಕೆಳಗಿನ ಹಳೇ ಕೆಮ್ಮಣ್ಣಿನ ಪಟ್ಟಿ ಕಾಣಂಗಿಲ್ಲೇನು?"

ಅಕ್ಕನಿಗೆ ಆಗ ಹನ್ನೆರಡೋ ಹದಿಮೂರೋ. ಅವಳು ಎರಡು ವರ್ಷ ಬೀದರಿನಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದಳು. ಪಕ್ಕದ ಮನೆಯ ಹೆಂಗಸೊಬ್ಬರು, ಅಕ್ಕ ಅವರನ್ನು ಉರ್ದುವಿನಲ್ಲಿ ಅಕ್ಕ ಎಂಬರ್ಥದ ಆಪಾ ಎಂದು ಕರೆಯುತ್ತಿದ್ದಳು, ತಮ್ಮ ಹೆಣ್ಣುಮಕ್ಕಳ ಜೊತೆ ಅವಳಿಗೂ ಉರ್ದು ಕಲಿಸಿದ್ದರು. ಪೊಲೀಸ್ ಕಾರ್ಯಾಚರಣೆಯ ಗಲಾಟೆಯ ದಿನಗಳ ನಂತರ ಆ ಮನೆಗೆ ಬೀಗ ಬಿತ್ತು. ಆಪಾ ಎಲ್ಲಿಗೆ ಹೋದರೆಂದು ತಿಳಿಯಲಿಲ್ಲ. ಅಕ್ಕ ಊರಿಗೆ ಬಂದವಳು ತನಗೆ ಓದು ಬರುತ್ತದೆ ಎಂದು ಯಾರಿಗೂ ಹೇಳಿರಲಿಲ್ಲ.

"ನಾ ಓದ್ತೇನಿ" ಎಂದಳು.

"ಹೆಣ್ಣಹುಡಿಗಿ ಚಾವಡಿ ಕಟ್ಟಿ ಏರೋದೇನು?" ಎಂದರು ಊರ ಪಾಟೀಲರು.

"ಹಂಗಾದ್ರ ನೀವೇ ಓದ್ರಿ ಪಾಟೀಲ್ರ" ಎಂದ ಮಾವ. ಪಾಟೀಲರು ಮೀಸೆ ತೀಡುತ್ತಾ ಬೇವಿನ ಮರದ ಕಡೆ ನೋಡಿದರು. ಅಪ್ಪ ಕಟ್ಟೆಯ ಕಡೆ ಕೈ ತೋರಿಸಿ, "ಹತ್ತ ನನ್ನವ್ವಾ" ಎಂದ.

ಅಕ್ಕ ಕೊಡದ ನೀರನ್ನು ಮೆಲ್ಲಗೆ ಗೋಡೆಗೆ ಸುರಿದಳು. ಬಿಳುಪು ಮೊದಲು ಬೂದಿಯಾಯಿತು, ಆಮೇಲೆ ಮಂಜಾಯಿತು. ಮಂಜಿನ ಆಳದಿಂದ ಒಂದು ಬಾಗು, ಒಂದು ಚುಕ್ಕೆ, ಒಂದು ಸಾಲು, ತಿಳಿಗೊಳದಲ್ಲಿ ಮೀನು ಮೇಲೆ ಬರುವ ಹಾಗೆ ಬಂದವು. ಅಕ್ಕ ಬಲದಿಂದ ಎಡಕ್ಕೆ ಬೆರಳು ಸರಿಸುತ್ತಾ ಓದಿದಳು. ಬಿಸಿಲಿಗೆ ಗೋಡೆ ಒಣಗಿದಂತೆಲ್ಲ ಹೆಸರುಗಳು ಮತ್ತೆ ಮುಳುಗುತ್ತಿದ್ದವು. "ನೀರು, ನೀರು!" ಎಂದಳು. ಹೆಂಗಸರು ಬಾವಿಯಿಂದ ಸಾಲಾಗಿ ಕೊಡ ತಂದರು. ಹಸಿ ಸುಣ್ಣದ ವಾಸನೆ, ಕಾಲ ಕೆಳಗೆ ಹರಿವ ಬಿಳಿ ನೀರು. ಇವೆಲ್ಲ ಜ್ವರದಲ್ಲಿ ಹುಟ್ಟಿದವೇ? ನನಗೆ ಈಗಲೂ ತಿಳಿಯದು.

ಅಪ್ಪನ ಹೊಲದ ಸಾಲು ಬಂತು. ಒಡೆಯರ ಹೆಸರಿತ್ತು. ಉಳುವವರು ಯಾರು ಎಂಬಲ್ಲಿಯೂ ಒಡೆಯರದೇ ಹೆಸರು. ಅಪ್ಪ ಕಟ್ಟೆಯ ಮೇಲೆ ಕುಳಿತುಬಿಟ್ಟ. ಇನ್ನೂ ಐದು ಮನೆಗಳ ಕಥೆ ಅದೇ. ಕೊನೆಯ ಸಾಲಿಗೆ ಅಕ್ಕ ಎರಡು ಸಲ ನೀರು ಹಾಕಿ, ಎರಡು ಸಲ ಓದಿಕೊಂಡಳು. "ಅರ್ಜಿ ಕೊಡೋ ದಿನ ನಾಳೀಗೇ ಮುಗೀತದ ಅಪ್ಪಾ" ಎಂದಳು.

ಅಂದು ಅವಳು ಉಣ್ಣದೆ ಅರ್ಜಿಗಳನ್ನು ಬರೆದಳು. ಮರುದಿನ ಮುಂಜಾನೆ ಆರು ಮನೆಯವರು ಒಂದೇ ಬಂಡಿಯಲ್ಲಿ ಭಾಲ್ಕಿಗೆ ಹೋದರು. ವಿಚಾರಣೆ ನಡೆಯಿತು, ಸಾಕ್ಷಿಗಳು ಹೇಳಿಕೆ ಕೊಟ್ಟರು, ಹೊಲ ನಮ್ಮಲ್ಲಿ ಉಳಿಯಿತು. ಆ ಹೊಲದ ಜೋಳ ತಿಂದೇ ನಾನು ಓದಿದ್ದು.

ಈಗ ಸರ್ಕಾರದ ಮಾತು ನಿಮ್ಮ ಅಂಗೈಗೇ ಬರುತ್ತದೆ. ನಿಯಮದ ಕರಡು ಫೋನಿನಲ್ಲಿ, ಆಕ್ಷೇಪಣೆ ಹೇಳುವುದೂ ಅಲ್ಲೇ, ಅದೂ ಕನ್ನಡದಲ್ಲಿ. ಮೊನ್ನೆ ಮೊಮ್ಮಗಳು ಯಾವುದೋ ನಿಯಮಗಳ ಉದ್ದನೆಯ ಪುಟವನ್ನು ಸರ್ರನೆ ಜಾರಿಸಿ 'ಒಪ್ಪಿದೆ' ಎಂಬಲ್ಲಿ ಒತ್ತಿದಳು. ಏನಿತ್ತು ಅದರಲ್ಲಿ ಎಂದು ಕೇಳಿದೆ. "ಯಾರಿಗ್ಗೊತ್ತು ಅಜ್ಜಾ, ಎಲ್ಲಾರೂ ಒತ್ತತಾರ" ಎಂದಳು. ನಾನು ಬೈಯಲಿಲ್ಲ. ಈ ಕಥೆ ಹೇಳಿದೆ. ಕಥೆ ಕೇಳಿ ಅವಳು, "ಖರೇನಾ?" ಎಂದಳು. ಅವಳೂ ನನ್ನ ಹಾಗೆಯೇ.

ಅದಕ್ಕೇ ಬೀದರಿಗೆ ಹೋಗಿ, ಉರ್ದು ಬಲ್ಲ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಳೆಯ ಕಡತಗಳಲ್ಲಿ ನಮ್ಮೂರಿನ ಕಟ್ಟು ಹುಡುಕಿಸಿದೆ. ಸುಣ್ಣದ ಬಗ್ಗೆ, ನೀರಿನ ಬಗ್ಗೆ ಅದರಲ್ಲಿ ಒಂದು ಅಕ್ಷರವೂ ಇಲ್ಲ. ತಕರಾರು ಅರ್ಜಿಗಳು ಆರು ಇವೆ. ಆರಕ್ಕೂ ಕೊನೆಯ ದಿನದ ಮೊಹರು. ಆರನ್ನೂ ಬರೆದದ್ದು ಒಂದೇ ಕೈ, ಸಾಲು ಸ್ವಲ್ಪ ಸೊಟ್ಟಗಿದ್ದ, ಇನ್ನೂ ಕಲಿಯುತ್ತಿದ್ದ ಒಂದು ಕೈ.